ಹರಳೆಣ್ಣೆ

ಅಂಗಿಯ ಕೊರಳಪಟ್ಟಿಯ ಹಿಂದಿನ ಚೀಟಿ
ನನ್ನ ಮಗಳಿಗೆ ಮುಳ್ಳು.
ದರ್ಜಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅಷ್ಟಾದರೂ ಸುಖ:
ಅವಳ ಬಟ್ಟೆಗಳೆಲ್ಲ ಹೊಲಿಗೆ ಹೊರಗೆ, ನುಣುಪು ಒಳಗೆ.
ನಾನಾ ಪೇಠೆಯ ಗಿರಾಕಿಗಳು ನಗುತ್ತಾರೆ,
ಉಲ್ಟಾ ಹಾಕಿದ್ದೀರಲ್ಲ ಮಾಸ್ತರ್, ಎಂದು.
ನಿಮ್ಮ ಕಡೆಯಿಂದ ಉಲ್ಟಾ.

ಆಟಕ್ಕೆ ಹಚ್ಚಿರಿ, ಅಂದರು ಡಾಕ್ಟರ್.
ಯಾವ ಆಟ ಅಂತ ಹೇಳಲಿಲ್ಲ.
ಕಾಗದದ ಮೇಲೆ 'ಆಟ' ಎಂಬ ಒಂದೇ ಮಾತು,
ದಿನಕ್ಕೊಂದು ಸಲ,
ಊಟದ ಮೊದಲೋ ಆಮೇಲೋ ತಿಳಿಯಲಿಲ್ಲ.

ಸ್ಕೇಟಿಂಗಿಗೆ ಹಚ್ಚಿದೆ. ಬೂಟು ಬೋರಲು ಹಾಕಿ
ಗಾಲಿ ತಿರುಗಿಸುತ್ತ ಕೂತಳು ಹನ್ನೊಂದು ಸಂಜೆ.
ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ತಿರುಗಿಸುತ್ತಿದ್ದಳು.
ಈಜುಕೊಳದಲ್ಲಿ ನೀರು ಒಪ್ಪಿತು, ಸದ್ದು ಒಪ್ಪಲಿಲ್ಲ;
ತಗಡಿನ ಸೂರಿನಡಿ ನಲವತ್ತು ಮಕ್ಕಳ ಕಿರುಚು,
ಕಿವಿಯೊಳಗೆ ಸುರಿದ ಗುಂಡುಸೂಜಿಯ ಡಬ್ಬಿ.
ಓಣಿಯ ಕ್ರಿಕೆಟ್ಟಿನಲ್ಲಿ ಔಟಾದಳು, ಹೋಗಲಿಲ್ಲ.
ಗೆರೆಯೊಳಗೆ ನಿಲ್ಲು ಎಂದವರು ಅವರೇ ತಾನೇ?
ಬ್ಯಾಟು ಕಸಿದುಕೊಂಡರು.
ಆವತ್ತು ನಾನು ಯಾರದೋ ಮದುವೆಯ ಶೇರ್ವಾನಿ ತೋಳನ್ನು
ಒಂದಿಂಚು ಹೆಚ್ಚು ಕತ್ತರಿಸಿದೆ.

ಅಷ್ಟರಲ್ಲಿ ಭವಾನಿ ಪೇಠೆಯ ತಾಲೀಮಿನಿಂದ
ಹದಿನಾರು ಚಡ್ಡಿಗಳ ಆರ್ಡರು.
ಕೊಡಲು ಹೋದಾಗ ನಾಗಲಾಳನ್ನೂ ಕರೆದೊಯ್ದೆ,
ಅವಳಮ್ಮನಿಗೆ ಆಸ್ಪತ್ರೆಯಲ್ಲಿ ಎರಡನೇ ಪಾಳಿ.
ಕೆಂಪು ಮಣ್ಣು, ಗೋಡೆಯಲ್ಲಿ ಹನುಮಪ್ಪ,
ನಮ್ಮ ಇಂಡಿಯ ಗರಡಿಮನೆಯದೇ ವಾಸನೆ,
ನಡುವೆ ಮಲ್ಲಗಂಬ;
ಮೇಲೆ ಹೋದಂತೆ ಸಪೂರ, ಆಮೇಲೊಂದು ಕುತ್ತಿಗೆ,
ತುದಿಗೊಂದು ಗುಂಡು. ಮೈಯೆಲ್ಲ ಹರಳೆಣ್ಣೆ.

ಲೆಕ್ಕ ಮುಗಿಸಿ ತಿರುಗಿದರೆ
ಇವಳು ಕಂಬವನ್ನು ತಬ್ಬಿಕೊಂಡಿದ್ದಾಳೆ.

ನನ್ನನ್ನು ತಬ್ಬಿದವಳಲ್ಲ.
ಅವ್ವ ಎತ್ತಿಕೊಂಡರೆ ಹಲಗೆಯಂತೆ ಸೆಟೆಯುವವಳು
ಇಲ್ಲಿ ಎರಡು ಕೈ, ಎರಡು ಮೊಣಕಾಲು,
ಎಣ್ಣೆಗೆ ಕೆನ್ನೆ ಹಚ್ಚಿ, ಕಿವಿಗೊಟ್ಟು.
ಕಂಬ ಒಡೆದು ಸಿಂಹ ಬಂದ ಕಥೆ ಕೇಳಿದ್ದೇವೆ.
ಈ ಕಂಬದಿಂದ ಏನೂ ಬರಲಿಲ್ಲ.
ಅದೇ ಅದರ ಗುಣ.
ಹೆಸರೇನು ಮರಿ ಅನ್ನಲಿಲ್ಲ, ಇತ್ತ ನೋಡು ಅನ್ನಲಿಲ್ಲ,
ಅವಳು ಎಷ್ಟು ಒತ್ತಿದಳೋ ಅಷ್ಟೇ ತಿರುಗಿ ಒತ್ತಿತು.

ವಸ್ತಾದ ಶೇಲಾರರು ಸೀಟಿಯನ್ನು ತುಟಿಯವರೆಗೆ ಒಯ್ದು
ನನ್ನ ಮುಖ ನೋಡಿ ಜೇಬಿಗೆ ಹಾಕಿದರು.
ರಾಹೂ ದೇ, ಅಂದರು.
ಹುಡುಗರು ಸಾಲಲ್ಲಿ ಕಾದರು ಇಪ್ಪತ್ತು ನಿಮಿಷ,
ಬೈಯುತ್ತ.

ಎರಡು ವರ್ಷವಾಯಿತು. ನಸುಕಿನ ಐದೂವರೆಗೆ,
ಯಾರೂ ಇಲ್ಲದಾಗ, ಅವಳ ಪಾಳಿ.
ಭಾನುವಾರ ಭಾನುವಾರ ಟೇಪು ಹಿಡಿದು ಅಳೆಯುತ್ತಿದ್ದೆ:
ಮೂರು ಅಡಿ, ಮೂರೂಕಾಲು, ಚಾಕಿನ ಗೆರೆ.
ಅಳೆಯುವುದು ಬಿಟ್ಟು ನನಗೇನು ಬರುತ್ತದೆ?
ಇಳಿದು ಬಂದವಳೇ ಅಂಗೈಯಿಂದ ಗೆರೆ ಒರೆಸಿದಳು.
ಮರುವಾರವೂ ಒರೆಸಿದಳು.
ಮೂರನೆಯ ಸಲ ಟೇಪು ಅಂಗಡಿಯಲ್ಲೇ ಮರೆತೆ,
ಮರೆತೆ ಅಂತಲೇ ಇಟ್ಟುಕೊಳ್ಳೋಣ.

ಪಂದ್ಯಕ್ಕೆ ಒಯ್ದದ್ದು ನನ್ನ ಆಸೆಬುರುಕತನ.
ಧ್ವನಿವರ್ಧಕ, ಹಾರ, ಯಾರೋ ನಗರಸೇವಕರ ಭಾಷಣ.
ಮೊದಲು ತೀರ್ಪುಗಾರರಿಗೆ ನಮಸ್ಕಾರ ಮಾಡಬೇಕು.
ಇವಳು ಕಂಬಕ್ಕೆ ಮಾಡಿದಳು. ಅಂಕ ಕಳೆದರು.
ರಿಕ್ಷಾದಲ್ಲಿ ಕಿವಿ ಮುಚ್ಚಿಕೊಂಡು ಮನೆಗೆ ಬಂದೆವು,
ಇಬ್ಬರೂ.

ನಿನ್ನೆ ಆ ಸಣ್ಣ ಕುತ್ತಿಗೆಗೆ ಕಾಲು ಹೆಣೆದು
ತಲೆಕೆಳಗಾಗಿ ಜೋತಳು, ಬಹಳ ಹೊತ್ತು,
ಹೊಲಿಗೆ ಹೊರಗೆ, ಜಡೆ ನೆಲದ ಕಡೆ.
ಶೇಲಾರರು ಚಹಾ ಕುಡಿಯುವುದು ನಿಲ್ಲಿಸಿದರು.
ಕೆಳಗೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು,
ಅವಳ ಕಣ್ಣಿಗೆ ಉಲ್ಟಾ.

ಮಧ್ಯಾಹ್ನ ಒಬ್ಬ ಬಾಯಿ ರೇಷ್ಮೆ ರವಿಕೆ ಬಿಚ್ಚಿ ಮೂಸಿದಳು.
ಏನಿದು ಮಾಸ್ತರ್, ಎಣ್ಣೆ ನಾತ?
ತಾಯಿ, ಕ್ಷಮಿಸಿ, ಒಗೆದು ಕೊಡುತ್ತೇನೆ, ಅಂದೆ.
ಒಗೆದರೆ ಹೋಗುವುದಲ್ಲ ಅದು,
ಗೊತ್ತಿತ್ತು.