ಭರ್ತಿ ಲೆಕ್ಕ

ಎರಡು ಮೈಗಳು ಬೇಕು ಮೊದಲು.
ಕೆಳಗಿನದು ಇದ್ದ ನೆಲ, ಮೇಲಿನದು ಆಗಬೇಕಾದ ನೆಲ.
ನಡುವೆ ಇರುವುದೆಲ್ಲ ಮಣ್ಣು,
ಮಣ್ಣೆಂದರೆ ದುಡ್ಡು.
ಬೆಂದೂರ್‌ವೆಲ್‌ನ ಎರಡನೇ ಮಾಳಿಗೆಯಲ್ಲಿ
ಹದಿನಾಲ್ಕು ವರ್ಷದಿಂದ ನಾನು ಮಾಡುವುದು ಇಷ್ಟೇ:
ಮೇಲಿನದರಿಂದ ಕೆಳಗಿನದನ್ನು ಕಳೆಯುವುದು.

ಜೋಕಟ್ಟೆಯ ಬೈಲು. ಗೋದಾಮು ಬರುತ್ತದೆ.
ಹತ್ತು ಮೀಟರಿಗೊಂದು ಬಿಂದು,
ಬಿಂದುವಿಗೆ ಬಿಂದು ಹೆಣೆದು ತ್ರಿಕೋನಗಳ ಬಲೆ.
ಗುಂಡಿ ಒತ್ತಿದೆ. ಚಾ ಆರುವ ಮೊದಲೇ ಉತ್ತರ:
ಭರ್ತಿ ಇಪ್ಪತ್ತೊಂದು ಸಾವಿರದ ನಾನೂರ ಎಂಬತ್ತು ಘನ ಮೀಟರ್.
ಕಡಿತ ಸೊನ್ನೆ.
ಕೆಂಜಾರಿನ ಗುಡ್ಡೆಯ ಕಡಿತ
ಬೇರೆ ಯಾರದೋ ಫೈಲಿನಲ್ಲಿ.

ಟಿಪ್ಪರಿನ ಚೀಟಿಗಳು ಬೇರೆಯೇ ಹೇಳಿದವು.
ಎರಡು ಸಾವಿರದ ಆರುನೂರ ಅರವತ್ತೈದು ಲೋಡು.
ರೋಲರ್ ತುಳಿದು ನೂರನ್ನು ಎಂಬತ್ತೈದಕ್ಕೆ ಇಳಿಸಿದ ಮೇಲೂ
ಸಾವಿರದ ನೂರ ಎಪ್ಪತ್ತೆರಡು ಹೆಚ್ಚು.
"ಕದ್ದದ್ದು ಎಷ್ಟೆಂದು ಬರೆದುಕೊಡಿ, ಬಿಲ್ಲಿನಲ್ಲಿ ಕಡಿಯುತ್ತೇನೆ,"
ಫೋನಿನಲ್ಲಿ ಕಿಣಿಯವರು.
ಬೊಗ್ಗಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದ,
ಚೀಟಿಯ ಕಟ್ಟು ಮಡಿಲಲ್ಲಿ.
"ಮಣ್ಣು ಮುಟ್ಟಿ ಹೇಳ್ತೇನೆ ಮೇಡಂ,"
ಎಂದು ಮೇಜು ಮುಟ್ಟಿದ.

ತಿರುಗಿಸಿದೆ, ಓರೆ ಮಾಡಿದೆ,
ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿದೆ.
ಬೈಲು ಇಸ್ತ್ರಿ ಹಾಕಿದ ಹಾಗೆ.
ಬಡಗು ಬದಿಯಲ್ಲಿ ಮಾತ್ರ ತ್ರಿಕೋನಗಳು ಉದ್ದುದ್ದ, ತೆಳ್ಳಗೆ,
ಏನನ್ನೋ ಒಂದೇ ನೆಗೆತಕ್ಕೆ ದಾಟಿದವರ ಕಾಲಿನಂತೆ.

ಮೊಯ್ದುವನ್ನು ಕರೆಸಿದೆ. ಸರ್ವೆಯಲ್ಲಿ ಸ್ಟಾಫ್ ಹಿಡಿದವನು ಅವನು.
"ಅಲ್ಲಿ ತೋಡು ಇತ್ತಲ್ಲ ಮೇಡಂ.
ಆ ದಂಡೆಯಲ್ಲೊಮ್ಮೆ ನಿಂತೆ, ಈ ದಂಡೆಯಲ್ಲೊಮ್ಮೆ ನಿಂತೆ.
ನೀರಿಗೆ ಇಳಿ ಅಂತ ಯಾರೂ ಹೇಳಲಿಲ್ಲ."

ಯಂತ್ರಕ್ಕೂ ಯಾರೂ ಹೇಳಲಿಲ್ಲ.
ಅದು ದಂಡೆಯಿಂದ ದಂಡೆಗೆ ನೇರ ಗೆರೆ ಎಳೆದು
ನೀರಿನ ಮೇಲೆ ನಡೆದು ಹೋಗಿತ್ತು,
ನಾನು ದೊತೊರ್ನಿನಲ್ಲಿ ಕಲಿತ ಹಾಗೆ.

ಈಗ ಅಳೆಯಲು ತೋಡಿಲ್ಲ.
ಅದರ ಮೇಲೆ ಕೆಂಪುಮಣ್ಣು, ಮಣ್ಣಿನ ಮೇಲೆ ಜಲ್ಲಿ.
ಇರುವ ದಾಖಲೆ ಒಂದೇ,
ನನ್ನ ಲೆಕ್ಕ ತಪ್ಪಿದಷ್ಟು.

"ಆಳ ಗೊತ್ತುಂಟಾ?"
"ಹೆಂಡತಿಯ ಮನೆ ಆಚೆ ದಂಡೆ.
ಸರ್ವೆಯ ದಿನ ಇಳಿಯಲಿಲ್ಲ, ಉಳಿದ ದಿನವೆಲ್ಲ ಇಳಿದದ್ದೇ."
ಪರದೆಗೆ ಬೆರಳಿಟ್ಟು ಎಳೆದ. ಬೆವರಿನ ಗೆರೆ.
ಇಲ್ಲಿ ಮೊಣಕಾಲು. ಇಲ್ಲಿ ಸೊಂಟ.
ಹಲಸಿನ ಬುಡದಲ್ಲಿ ಎದೆಮಟ್ಟ. ತಿರುವಿನಲ್ಲಿ ಆಳು ಮುಳುಗುವಷ್ಟು.
ದಂಡೆ ನೀರಿಗಿಂತ ಒಂದು ಮೊಳ ಮೇಲೆ.
ಅಗಲ?
ಮಲಗಿದರೆ ಎರಡು ಮೊಯ್ದು.

ಅವನ ಎತ್ತರ ಅವನಿಗೆ ಗೊತ್ತಿರಲಿಲ್ಲ.
ಸ್ಟಾಫನ್ನೇ ತರಿಸಿ ಗೋಡೆಗೆ ಒರಗಿಸಿ ಅವನನ್ನು ನಿಲ್ಲಿಸಿದೆ:
ಮೊಣಕಾಲು ನಲವತ್ತೊಂಬತ್ತು ಸೆಂಟಿ, ಎದೆ ನೂರ ಇಪ್ಪತ್ತಾರು.
ಇಪ್ಪತ್ತು ವರ್ಷ ಅಳತೆಗೋಲು ಹಿಡಿದವನು
ಉಸಿರು ಕಟ್ಟಿ ನಿಂತ,
ಫೋಟೋ ತೆಗೆಸಿಕೊಳ್ಳುವವನ ಹಾಗೆ.

ಬ್ರೇಕ್‌ಲೈನ್ ಎಳೆದು ಹಳೆಯ ನೆಲಕ್ಕೆ ಸೇರಿಸಿದೆ.
ತ್ರಿಕೋನಗಳು ಬೆದರಿ, ಮಗುಚಿ,
ಇಳಿಜಾರಿನಲ್ಲಿ ಸಾಲಾಗಿ ಕೂತವು.
ನೀರಿಲ್ಲ, ಆದರೂ ತೋಡು.
"ಅಲ್ಲ, ಇಲ್ಲಿ ಸ್ವಲ್ಪ ಬಲಕ್ಕೆ," ಎಂದ ಮೊಯ್ದು.
ಬಲಕ್ಕೆ ಸರಿಸಿದೆ.

ಭರ್ತಿ ಇಪ್ಪತ್ತೆರಡು ಸಾವಿರದ ಆರುನೂರ ಒಂದು.
ಇನ್ನೂ ಐವತ್ತೊಂದು ಸೇರುವುದಿಲ್ಲ.
ಬಿಡುಮಣ್ಣಿನ ಲೆಕ್ಕದಲ್ಲಿ ಆರು ಲೋಡು.
ಬೊಗ್ಗಣ್ಣ ಕಿಟಕಿಯ ಹೊರಗೆ ನೋಡಿದ.
ಹೋದ ಮಳೆಗಾಲ ಅವನ ತಂಗಿಯ ಅಂಗಳ ಕುಸಿದದ್ದು
ಮೊಯ್ದುವಿಗೆ ಗೊತ್ತು,
ಮೊಯ್ದುವಿಗೆ ಗೊತ್ತೆಂದು ನನಗೆ ಗೊತ್ತು.
ವರದಿಯಲ್ಲಿ ಬರೆದೆ:
ಐವತ್ತೊಂದು, ಮಣ್ಣು ಕುಗ್ಗಿದ್ದು.

ಬೊಗ್ಗಣ್ಣ ಹೋದ ಮೇಲೂ ಮೊಯ್ದು ನಿಂತಿದ್ದ.
"ಅದರದ್ದು ಒಂದು ಪ್ರಿಂಟ್ ಸಿಕ್ಕೀತಾ, ಮನೆಯಲ್ಲಿ ತೋರಿಸಲಿಕ್ಕೆ?"
ಕೊಟ್ಟೆ.
ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ.
ತಿರುವು, ಆಳು ಮುಳುಗುವ ಜಾಗ,
ಮಡಿಕೆಯ ಒಳಗೆ ಹೋಯಿತು.