ಒಲೆ ಹೊತ್ತ ಬಸ್ಸು

ಫಿನ್ಲೆಂಡ್, 1942

ಎಣ್ಣೆಯ ಹಡಗು ಬರುವುದು ನಿಂತ ಮೇಲೆ
ಸೈಮಿಯ ಬಸ್ಸಿಗೆ ಬೆನ್ನ ಮೇಲೊಂದು ಒಲೆ ಬಂತು.
ಆಳೆತ್ತರದ ತಗಡಿನ ಹಂಡೆ, ತಲೆಗೆ ಮುಚ್ಚಳ,
ಬುಡದಲ್ಲಿ ಬೂದಿ ಕಕ್ಕುವ ಬಾಯಿ,
ಎಂಜಿನ್ನಿನ ತನಕ ಕರುಳಿನ ಹಾಗೆ ಕೊಳವೆ.
ಬರ್ಚ್ ಮರದ ಚಕ್ಕೆ ಒಳಗೆ ಪೂರಾ ಉರಿಯುತ್ತಿರಲಿಲ್ಲ,
ಬೇಯುತ್ತಿತ್ತು.
ಅರೆಬೆಂದದ್ದರ ಆವಿ ಕುಡಿದು
ಬಸ್ಸು ಕೆಮ್ಮಿ ಕೆಮ್ಮಿ ಹೊರಡುತ್ತಿತ್ತು.

ನನಗೆ ಹದಿನಾಲ್ಕು. ಚೀಟಿ ಹರಿಯುವವಳೂ ನಾನೇ,
ಆ ಒಲೆಯ ಸೊಸೆಯೂ ನಾನೇ.
ಕುವೊಪಿಯೊದಿಂದ ನಮ್ಮೂರಿಗೆ ನಾಲ್ಕು ಮೂಟೆ ದೂರ.
ಗರಗಸದ ಮಿಲ್ಲಿಗೆ ಎರಡು,
ಪಾದ್ರಿಮನೆಗೆ ಮೂರು, ಗಾಳಿ ಎದುರಾದರೆ ಮೂರೂವರೆ.
ಹಸಿ ಚಕ್ಕೆ ಮಾರಿದವರಿಗೆ ಸೈಮಿ ಬೈದ ಬೈಗುಳ
ಇಲ್ಲಿ ಬರೆಯುವಂಥದ್ದಲ್ಲ.

ಕಾಡು ತಿಂದು ಓಡುವ ಗಾಡಿ!
ನಿಮಗೆ ಚೆಂದ ಅನ್ನಿಸಬಹುದು.
ಆ ಹೊಗೆಯ ವಿಷಕ್ಕೆ ವಾಸನೆಯಿಲ್ಲ.
ಚಳಿಯೆಂದು ಶೆಡ್ಡಿನ ಬಾಗಿಲು ಮುಚ್ಚಿ
ಹಂಡೆ ಹೊತ್ತಿಸಿದ ತೌನೋ
ಕೆನ್ನೆ ಕೆಂಪಗಿರುವಾಗಲೇ ನಿದ್ದೆ ಹೋದ.
ಆಮೇಲೆ ಆ ಕೆಲಸ ನನ್ನದಾಯಿತು.
ರಸ್ತೆಯ ಎರಡೂ ಬದಿ ಬಿಳಿ ತೊಗಟೆಯ ಕಾಡು
ಹಲ್ಲುದುರಿದ ಬಾಚಣಿಕೆಯಾಯಿತು.

ಏರು ಬಂದರೆ ಎಲ್ಲರೂ ಇಳಿಯಬೇಕು, ತಳ್ಳಬೇಕು.
ದಾದಿ, ತೆರಿಗೆಯವನು, ಹಾಲಿನ ಕ್ಯಾನಿನ ಮುದುಕ,
ಹೊಸ ಬೂಟು ಹಾಳಾದೀತೆಂದು ಹಿಂಜರಿವ ಮೇಷ್ಟರು.
ಅಷ್ಟು ಜನರ ಉಸಿರು
ಹಂಡೆಯ ಹೊಗೆಗಿಂತ ದಟ್ಟ.

ಫೆಬ್ರವರಿಯಲ್ಲಿ ರೈಲಿನಿಂದ ಒಂದು ಪೆಟ್ಟಿಗೆ ಇಳಿಯಿತು.
ಮೇಲೆ ಕಪ್ಪು ಬಣ್ಣದಲ್ಲಿ ಹೆಸರು: ವಿಲ್ಯೊ.
ಇರುವುದು ಎರಡೇ ಮೂಟೆ, ಊರು ಮುಟ್ಟುವುದಿಲ್ಲ,
ಅಂದಳು ಸೈಮಿ, ನೆಲ ನೋಡುತ್ತ.
ಅವನ ತಾಯಿ ಹಿಲ್ಮಾ ಮಾತಾಡಲಿಲ್ಲ.
ಬೆಳಿಗ್ಗೆ ನಮ್ಮ ಬಸ್ಸಲ್ಲೇ ತಂದು
ಸೀಟಿನಡಿ ತಳ್ಳಿದ್ದ ಗೋಣಿಗಳನ್ನು ಎಳೆದಳು.
ಏನೆಂದು ನಾನು ಕೇಳಿರಲಿಲ್ಲ.
ಒಣಗಿ ಗಲಗಲ ಅನ್ನುವ ಚಕ್ಕೆ,
ಎಲ್ಲ ಒಂದೇ ಅಳತೆ, ಮುಷ್ಟಿಯಷ್ಟು.
“ಹೋಗುವ ಮುಂಚೆ ಅವನೇ ಸೀಳಿಟ್ಟದ್ದು.
ಒಳ್ಳೆ ಬೆಲೆ ಬರುತ್ತದೆ, ಕಾದು ಮಾರು ಅಂದಿದ್ದ.”

ನಾವು ಹೂಳುವ ಜನ.
ಆದರೂ ಅವನಿಗೆ ಸೌದೆ ಬೇಕಾಯಿತು.
ಮುಚ್ಚಳ ತೆರೆದು ಸುರಿದವಳು ನಾನು:
ಪ್ರತಿ ಚಕ್ಕೆಯಲ್ಲೂ ಕೊಡಲಿಯ ಒಂದೇ ಏಟು,
ಎರಡನೆಯದರ ಗುರುತಿಲ್ಲ.

ಇಗರ್ಜಿಯ ಏರಿನಲ್ಲಿ ಬಸ್ಸು ನಿಂತಿತು. ಇಳಿದೆವು.
ನೀನು ಕೂತಿರು, ಅಂದಳು ಸೈಮಿ.
ಹಿಲ್ಮಾ ಕೈಗವಸು ಬಿಚ್ಚಿ, ಹಲ್ಲಲ್ಲಿ ಕಚ್ಚಿ,
ಹಂಡೆಯ ಪಕ್ಕದ ಬಿಸಿ ತಗಡಿಗೆ
ಎರಡೂ ಅಂಗೈ ಊರಿದಳು.
ತೆಗಿ, ಸುಡುತ್ತದೆ, ಅಂದೆ.
ತೆಗೆಯಲಿಲ್ಲ.

ಯುದ್ಧ ಮುಗಿದು ಪೆಟ್ರೋಲು ಬಂತು.
ಯಾವ ಮರಳಿನದು, ಯಾರು ತೆಗೆದದ್ದು,
ಯಾರೂ ಕೇಳಲಿಲ್ಲ.
ಮರವಾಗಿದ್ದರೆ ಕೇಳುತ್ತಿದ್ದೆವು, ಯಾರ ತೋಟದ್ದೆಂದು.
ಸೈಮಿ ಹಂಡೆ ಬಿಚ್ಚಿಸಿ ಸೌನಾಕ್ಕೆ ಒಲೆ ಮಾಡಿಕೊಂಡಳು.
ಮೊದಲ ದಿನ ಆ ಏರನ್ನು ಬಸ್ಸು
ಒಂದೇ ಉಸಿರಿಗೆ ಹತ್ತಿತು,
ಯಾರ ಹಂಗೂ ಇಲ್ಲದ ಹಾಗೆ.
ಯಾರೂ ಇಳಿಯಲಿಲ್ಲ.
ಸೀಟಿನಲ್ಲಿ ಕೂತೇ ಎಲ್ಲರೂ
ಸುಮ್ಮನೆ, ಅಭ್ಯಾಸಕ್ಕೆ,
ಮುಂದಕ್ಕೆ ಬಾಗಿದ್ದೆವು.