ಅಳತೆಕಡ್ಡಿ

ನಮ್ಮೂರಿನ ಹೆಸರಲ್ಲೇ ಎಣ್ಣೆಯಿದೆ. ಜೆಯ್ತುನ್.
ಜೆಯ್ತ್ ಅಂದರೆ ಮಾಲ್ಟೀಸಿನಲ್ಲಿ ಎಣ್ಣೆ,
ಇಲ್ಲಿ ಗ್ಯಾರೇಜಿಟ್ಟವಳಿಗೆ
ಕೆಲಸದ ಬರ ಬಾರದು ಎನ್ನುತ್ತಿದ್ದ ಅಪ್ಪ.

ಶನಿವಾರ ಬಾಗಿಲು ತೆಗೆಯುವ ಮುಂಚೆಯೇ ವೆಂತ್ಸು,
ಅವನ ಕೆಳಗೆ ಅರವತ್ಮೂರರ ಮಾರಿಸ್ ಮೈನರ್.
"ಕ್ಲಚ್ ಬಿಟ್ಟರೆ ನಡುಗುತ್ತೆ, ಸಲ್ವಿನಾ,
ಮದುಮಗನ ಮೊಣಕಾಲಿನ ಹಾಗೆ.
ಗೇರ್‌ಬಾಕ್ಸ್ ಹೋಗಿದೆ, ಬರೆದಿಟ್ಟುಕೋ."

ನಾನು ಬರೆದಿಟ್ಟುಕೊಳ್ಳುವುದಿಲ್ಲ. ಅಂಗಾತ ಮಲಗುತ್ತೇನೆ.

ಬೆಲ್‌ಹೌಸಿಂಗಿನ ತಳದಲ್ಲೊಂದು ತೂತು,
ತೂತಿನಲ್ಲಿ ಸಡಿಲ ಜೋತ ಸೀಳುಪಿನ್ನು;
ಕಾರು ಕುಲುಕಿದಂತೆಲ್ಲ ತಾನೂ ಕುಲುಕಿ
ತೂತು ಕಟ್ಟದಂತೆ ಕಾಯುವುದಷ್ಟೇ ಅದರ ಉದ್ಯೋಗ.
ತುದಿಯಲ್ಲೊಂದು ಹನಿ,
ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಬೆರಳಿಗೆ ತಗೊಂಡೆ. ಕಪ್ಪು.
ಗೇರ್‌ಬಾಕ್ಸಿನದಾದರೆ ಜೇನಿನ ಬಣ್ಣವಿರಬೇಕಿತ್ತು.
ಎರಡಕ್ಕೂ ಹಾಕುವುದು ಒಂದೇ ಡಬ್ಬಿಯ ಎಣ್ಣೆ,
ಒಂದು ಹಲ್ಲುಗಳ ನಡುವೆ ಬದುಕುತ್ತೆ,
ಇನ್ನೊಂದು ಬೆಂಕಿಯ ಪಕ್ಕದಲ್ಲಿ.
ಮಸಿ ಸುಳ್ಳು ಹೇಳುವುದಿಲ್ಲ.

ಆದರೂ ಹನಿ ಬಿದ್ದಲ್ಲೇ ಹುಟ್ಟಿತು ಎನ್ನಲಾಗದು.
ಮೇಲೆ ರಾಕರ್ ಕವರಿನ ಕಾರ್ಕು ಒಣಗಿದ್ದರೂ
ಎಂಜಿನ್ನಿನ ಬೆನ್ನಿಗುಂಟ ಇಳಿದು
ಇಲ್ಲೇ ಬಂದು ಜೋತುಬೀಳುತ್ತೆ.
ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದೆ, ಒರೆಸಿದೆ,
ಮೊಮ್ಮಗಳ ಟಾಲ್ಕಂ ಪೌಡರ್ ಉದುರಿಸಿದೆ,
ಮಾರ್ಸಶ್ಲೋಕ್‌ವರೆಗೆ ಓಡಿಸಿ ತಂದೆ,
ಮತ್ತೆ ಮಲಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ
(ನಿಜಕ್ಕೂ ಬಿತ್ತು, ಎಡಗಣ್ಣಿಗೆ).

ಹೊರಗೆಲ್ಲ ಪೌಡರ್ ಬೆಳ್ಳಗೇ ಇತ್ತು.
ಹಾಗಾದರೆ ಒಳಗಿನದು. ಕ್ರ್ಯಾಂಕಿನ ಹಿಂತುದಿ.
ಈ ಗಾಡಿಗೆ ಅಲ್ಲಿ ರಬ್ಬರ್ ಸೀಲಿಲ್ಲ,
ತಿರುಪಿನಂಥ ಬರೀ ಒಂದು ಗೀರು; ತಿರುಗುವಾಗ
ಹೊರಟ ಎಣ್ಣೆಯನ್ನು ಬಾ ಎಂದು ಒಳಗೆ ಕರೆದುಕೊಳ್ಳುತ್ತೆ,
ನಿಂತಾಗ ತುಸು ಬಿಟ್ಟುಕೊಡುತ್ತೆ.
ತುಸು. ಇಷ್ಟಲ್ಲ.

ಗೇರ್‌ಬಾಕ್ಸ್ ಇಳಿಸುವ ಮುಂಚೆ, ಅಪ್ಪನ ಚಾಳಿ,
ಅಳತೆಕಡ್ಡಿ ಎಳೆದು ನೋಡಿದೆ.
ಮೇಲಿನ ಗೆರೆ ಮುಳುಗಿತ್ತು. ಅದರ ಮೇಲೆ ಇನ್ನೆರಡು ಬೆರಳು.

"ಎಷ್ಟು ಸುರಿದೆ?"
"ಈ ಚಳಿಗಾಲದಿಂದ ಶನಿವಾರಕ್ಕೊಮ್ಮೆ ಅರ್ಧ ಲೀಟರ್."
"ಕಡ್ಡಿ ನೋಡಿದೆಯಾ?"
"ನೆಲ ನೋಡಿದೆ."
"ಬುಧವಾರ?"
ವೆಂತ್ಸು ಟೋಪಿ ತೆಗೆದು ಅದರ ಒಳಗನ್ನು ನೋಡಿದ.
ಬುಧವಾರ ಕಾರು ಗಿರ್ಗೋರನದು.

ತಾಯಿ ಇಬ್ಬರು ಗಂಡುಮಕ್ಕಳಿಗೂ ಸೇರಿಸಿ ಬರೆದಿಟ್ಟು ಹೋದ ಕಾರು.
ಒಬ್ಬ ಒಂದು ಬ್ಯಾಂಡ್ ಕ್ಲಬ್ಬಿನ ಕ್ಲಾರಿನೆಟ್,
ಇನ್ನೊಬ್ಬ ಎದುರು ಕ್ಲಬ್ಬಿನ ಖಜಾಂಚಿ;
ಒಂಬತ್ತು ವರ್ಷದಿಂದ ಎಣ್ಣೆ ಸೀಗೆಕಾಯಿ.
ಗಿರ್ಗೋರನಿಗೆ ಫೋನ್ ಮಾಡಿದೆ.
"ಅವನೆಲ್ಲಿ ನೋಡಿಕೊಳ್ತಾನೆ?
ನಾನು ಹಾಕದಿದ್ದರೆ ಎಂಜಿನ್ ಎಂದೋ ಸತ್ತಿರುತ್ತಿತ್ತು."

ಬಸಿದೆ. ಒಂದೂಮುಕ್ಕಾಲು ಲೀಟರ್.
ಕ್ಲಚ್ ತಟ್ಟೆ ಮಾತ್ರ ಉಳಿಯಲಿಲ್ಲ,
ಒಣಗಿದ್ದರಷ್ಟೇ ಹಿಡಿತ ಅದಕ್ಕೆ;
ಪಸ್ತಿಜ್ಜಿ ಕಟ್ಟಿದ ಕಾಗದದ ಹಾಗೆ ಜಿಡ್ಡಾಗಿತ್ತು.

ಗುರುವಾರ ಬಿಲ್ಲಿನಲ್ಲಿ ಇಬ್ಬರ ಹೆಸರೂ ಬರೆದೆ.
ವೆಂತ್ಸು ಓದಿ, ಮಡಿಚಿ, ತನ್ನ ಅರ್ಧ ಎಣಿಸಿಟ್ಟ.
"ಇನ್ನು ಹಾಕಬೇಡ ಅಂತ ಅವನಿಗೆ ನೀನೇ ಹೇಳು."
"ಒಬ್ಬರಾದರೂ ಹಾಕಲೇಬೇಕಲ್ಲ," ಎಂದೆ, ಕಡ್ಡಿ ಒರೆಸುತ್ತಾ.
"ಯಾರು ಅಂತ ನೀವೇ ಮಾತಾಡಿಕೊಳ್ಳಿ."

ಕಾರಿನಲ್ಲಿ ಕೂತ. ಬಹಳ ಹೊತ್ತು ಚಾವಿ ತಿರುಗಿಸಲಿಲ್ಲ.

ಅವನು ಹೋದ ಮೇಲೆ ನೆಲ ನೋಡಿದೆ.
ಒಂದು ಹನಿ. ಒಂದೇ.
ಈ ಗಾಡಿಗಳಲ್ಲಿ ಅದನ್ನು ಆರೋಗ್ಯ ಅನ್ನುತ್ತೇವೆ.